ಗಾಯದ ರೋಗಾಣುವೂ ಸೋತ ಔಷಧಗಳೂ

ಮೂರು ವರ್ಷಗಳ ಹಿಂದೆ, ಆಷಾಢ ಮಾಸದಲ್ಲಿ, ಹಿತ್ತಲ ಬೇಲಿಯನ್ನು ಸರಿಪಡಿಸುತ್ತಿದ್ದಾಗ ನನ್ನ ಬಲಗಾಲಿಗೆ ಒಂದು ಜಾಲಿಯ ಮುಳ್ಳು ನೆಟ್ಟಿತು. ಮಧುಮೇಹವುಳ್ಳವನು ಕಾಲಿನ ಗಾಯವನ್ನು ಅಲಕ್ಷಿಸಬಾರದೆಂಬುದು ನನಗೆ ತಿಳಿಯದ ವಿಷಯವಲ್ಲ. ಆದರೂ ವೈದ್ಯರಲ್ಲಿಗೆ ಹೋಗುವ ಬದಲು, ಹಿಂದೊಮ್ಮೆ ಗಂಟಲುಬೇನೆಗಾಗಿ ಅವರು ಬರೆದುಕೊಟ್ಟಿದ್ದ ಚೀಟಿಯನ್ನು ಪೆಟ್ಟಿಗೆಯಿಂದ ಹುಡುಕಿ ತೆಗೆದು, ಅದೇ ಮಾತ್ರೆಗಳನ್ನು ಅಂಗಡಿಯಿಂದ ತರಿಸಿ ನುಂಗಿದೆನು. ಎರಡು ದಿನಗಳಲ್ಲಿ ನೋವು ತಗ್ಗಿತು. ಉಳಿದ ಮಾತ್ರೆಗಳನ್ನು ಮುಂದಕ್ಕಾದೀತೆಂದು ಡಬ್ಬಿಯಲ್ಲಿ ಕಟ್ಟಿಟ್ಟೆನು. ಹತ್ತನೆಯ ದಿನಕ್ಕೆ ಪಾದವು ಊದಿ, ಕೀವು ತುಂಬಿ, ಜ್ವರವೇರಿತು. ಆಗ ವೈದ್ಯರು ಕೀವನ್ನು ಪ್ರಯೋಗಶಾಲೆಗೆ ಕಳುಹಿಸಿದರು.

ಅಲ್ಲಿಂದ ಬಂದ ಕಾಗದದಲ್ಲಿ ಎಡಗಡೆ ಔಷಧಗಳ ಹೆಸರುಗಳಿದ್ದವು. ಬಲಗಡೆ ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಅಕ್ಷರ. ‘ಎಸ್’ ಎಂದಿದ್ದರೆ ರೋಗಾಣುವು ಆ ಔಷಧಕ್ಕೆ ಬಗ್ಗುವುದೆಂದೂ, ‘ಆರ್’ ಎಂದಿದ್ದರೆ ಬಗ್ಗದೆಂದೂ ಅರ್ಥ. ಹದಿನಾಲ್ಕು ಹೆಸರುಗಳಲ್ಲಿ ಹತ್ತರ ಮುಂದೆ ‘ಆರ್’ ಇದ್ದಿತು. ನಾನು ನುಂಗಿದ ಮಾತ್ರೆಯೂ ಆ ಹತ್ತರಲ್ಲಿ ಒಂದು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳ ಅಂಕಪಟ್ಟಿಗಳನ್ನು ಬರೆದವನು ನಾನು. ಔಷಧಗಳೇ ಸಾಲಾಗಿ ಅನುತ್ತೀರ್ಣವಾದ ಅಂಕಪಟ್ಟಿಯನ್ನು ಅಂದೇ ಮೊದಲು ನೋಡಿದೆನು. ಕಡೆಗೆ ಕಿರುಬೆರಳೊಂದನ್ನು ಬಿಟ್ಟುಕೊಟ್ಟು ಕಾಲನ್ನು ಉಳಿಸಿಕೊಂಡದ್ದಾಯಿತು. ನನ್ನ ಎರಡು ದಿನದ ಮಾತ್ರೆಗಳಿಂದಲೇ ಹೀಗಾಯಿತೆ ಎಂದು ವೈದ್ಯರನ್ನು ಕೇಳಿದೆನು. “ಅದನ್ನು ನಿರ್ಣಯಿಸಲಾಗದು ಮೇಷ್ಟ್ರೇ, ಬಗ್ಗದ ರೋಗಾಣುವೇ ಮೊದಲು ಬಂದು ಸೇರಿರಲೂಬಹುದು. ಆದರೆ ಹತ್ತು ದಿನ ಕಳೆದುಕೊಂಡದ್ದಂತೂ ನೀವೇ” ಎಂದರು. ಆ ಮಾತು ಸತ್ಯವಾಗಿದ್ದುದರಿಂದ ನಾನು ಸುಮ್ಮನಾದೆನು.

ಹಾಸಿಗೆಯಲ್ಲಿ ಮಲಗಿದ್ದ ಆ ದಿನಗಳಲ್ಲಿ ಈ ‘ಆರ್’ ಎಂಬ ಅಕ್ಷರದ ಚರಿತ್ರೆಯನ್ನು ತಿಳಿಯಬೇಕೆಂಬ ಹಂಬಲವು ಹುಟ್ಟಿತು. ಇದು ಈ ಕಾಲದ ಹೊಸ ಅನಿಷ್ಟವೆಂದೂ, ಹಿಂದೆ ಔಷಧಗಳು ತಪ್ಪದೆ ಗುಣ ಕೊಡುತ್ತಿದ್ದವೆಂದೂ ನಮ್ಮಲ್ಲಿ ಅನೇಕರು ಭಾವಿಸಿರುವರು. ನಾನೂ ಹಾಗೆಯೇ ಭಾವಿಸಿದ್ದೆನು. ಓದಿ ನೋಡಲಾಗಿ ಸಂಗತಿಯು ಬೇರೆಯಾಗಿ ಕಂಡಿತು. ಪೆನಿಸಿಲಿನ್ ಔಷಧವಾಗಿ ಬಳಕೆಗೆ ಬರುವುದಕ್ಕೆ ಮೊದಲೇ ಅದನ್ನು ಸೋಲಿಸುವ ಶಕ್ತಿಯು ರೋಗಾಣುಗಳಲ್ಲುಂಟೆಂದು ಪ್ರಕಟವಾಗಿದ್ದಿತು. ಔಷಧವನ್ನು ಕಂಡುಹಿಡಿದವನೇ ಲೋಕಕ್ಕೆ ಎಚ್ಚರಿಕೆಯನ್ನೂ ಕೊಟ್ಟಿದ್ದನು. ನಾವು ಔಷಧವನ್ನು ಕೈಚಾಚಿ ತೆಗೆದುಕೊಂಡು ಎಚ್ಚರಿಕೆಯನ್ನು ಅಲ್ಲಿಯೇ ಬಿಟ್ಟುಬಂದೆವು. ಇದಿಷ್ಟೇ ಈ ಲೇಖನದ ಪ್ರಮೇಯ.

ಗಾಯದ ಚಿಕಿತ್ಸೆಯು ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನವು ವ್ರಣದ ಪ್ರಕರಣದಿಂದಲೇ ಆರಂಭವಾಗುವುದು. ಶಾರೀರ, ಆಗಂತು ಎಂದು ವ್ರಣವನ್ನು ಎರಡಾಗಿ ವಿಂಗಡಿಸಿ ಅದಕ್ಕೆ ಅರುವತ್ತು ಉಪಕ್ರಮಗಳನ್ನು ಅಲ್ಲಿ ಹೇಳಿದೆ. ಗುಗ್ಗುಳ, ಬಿಳಿಸಾಸಿವೆ, ಬೇವಿನೆಲೆ ಮುಂತಾದವುಗಳ ಧೂಪವನ್ನು ಹಾಕಬೇಕೆಂದೂ, ಗಾಯಗೊಂಡವನು ಉಗುರು ಕೂದಲುಗಳನ್ನು ಕತ್ತರಿಸಿಕೊಂಡು ಶುಚಿಯಾಗಿ ಬಿಳಿಯ ವಸ್ತ್ರವನ್ನುಟ್ಟಿರಬೇಕೆಂದೂ ಸೂತ್ರಸ್ಥಾನದಲ್ಲಿ ವಿಧಿಸಿದೆ. ರಕ್ತಮಾಂಸಗಳನ್ನು ಬಯಸಿ ಬರುವ ನಿಶಾಚರರಿಂದ ಗಾಯಾಳುವನ್ನು ರಕ್ಷಿಸಬೇಕೆಂಬುದು ಅದಕ್ಕೆ ಕೊಟ್ಟ ಕಾರಣ. ಇದನ್ನು ಹಿಡಿದು ರೋಗಾಣುಶಾಸ್ತ್ರವೆಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿದ್ದಿತೆಂದು ಸಾಧಿಸುವ ಮಿತ್ರರು ನನಗುಂಟು. ಶಾಸ್ತ್ರವನ್ನು ಗೌರವಿಸುವ ರೀತಿ ಅದಲ್ಲ. ಕಣ್ಣಿಗೆ ಕಾಣದ ಯಾವುದೋ ಒಂದು ತೆರೆದ ಗಾಯವನ್ನರಸಿ ಬರುವುದೆಂದೂ, ಶುಚಿತ್ವವು ಅದನ್ನು ತಡೆಯುವುದೆಂದೂ ಅವರು ಅನುಭವದಿಂದ ಅರಿತಿದ್ದರು. ಅಷ್ಟೇ ಸಾಲದೆ?

ಆ ಕಾಣದ ವಸ್ತುವನ್ನು ಕಣ್ಣಿಗೆ ಕಾಣಿಸಿದವರು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು. ಗ್ಲಾಸ್ಗೋ ನಗರದ ಶಸ್ತ್ರವೈದ್ಯನಾದ ಜೋಸೆಫ್ ಲಿಸ್ಟರನು ೧೮೬೫ರಲ್ಲಿ ಬಂಡಿಯ ಚಕ್ರಕ್ಕೆ ಸಿಕ್ಕಿ ಕಾಲು ಮುರಿದ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆಯನ್ನು ಕಟ್ಟಿ ಕೀವಾಗದಂತೆ ಗುಣಪಡಿಸಿದನು. ೧೮೮೦ರ ಸುಮಾರಿಗೆ ಅಬರ್ಡೀನ್ ನಗರದ ಅಲೆಕ್ಸಾಂಡರ್ ಆಗ್‌ಸ್ಟನ್ ಎಂಬ ಶಸ್ತ್ರವೈದ್ಯನು ಕೀವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಲು, ಗುಂಡಗಿನ ರೋಗಾಣುಗಳು ದ್ರಾಕ್ಷಿಯ ಗೊಂಚಲಿನಂತೆ ಗುಂಪುಗೂಡಿದ್ದುದು ಕಂಡಿತು. ಗ್ರೀಕ್ ಭಾಷೆಯಲ್ಲಿ ದ್ರಾಕ್ಷಿಗೊಂಚಲಿಗಿರುವ ಪದದಿಂದಲೇ ಅದಕ್ಕೆ ‘ಸ್ಟ್ಯಾಫಿಲೊಕಾಕಸ್’ ಎಂದು ಹೆಸರಿಟ್ಟನು. ಅದರಲ್ಲಿ ಬಂಗಾರದ ಬಣ್ಣಕ್ಕೆ ಬೆಳೆಯುವ ಜಾತಿಯೊಂದುಂಟು. ಗಾಯಗಳನ್ನು ಕೀವುಗಟ್ಟಿಸುವುದರಲ್ಲಿ ಅದೇ ಅಗ್ರಗಣ್ಯ. ಆರೋಗ್ಯವಂತರಲ್ಲಿಯೂ ಸುಮಾರು ಮೂವರಲ್ಲೊಬ್ಬರ ಮೂಗಿನಲ್ಲಿ ಇದು ನಿರುಪದ್ರವಿಯಾಗಿ ಮನೆಮಾಡಿಕೊಂಡಿರುವುದು. ಚರ್ಮವು ಒಡೆದರೆ ಒಳನುಗ್ಗುವುದು. ಮುಂದೆ ಹೇಳುವ ಕಥೆಗೆ ಈ ಸುವರ್ಣವರ್ಣದ ರೋಗಾಣುವೇ ಪ್ರತಿನಾಯಕ.

೧೯೧೪ರ ಮಹಾಯುದ್ಧವು ಪ್ರಾರಂಭವಾದಾಗ ಫ್ರಾನ್ಸಿನ ಬೊಲೋನ್ ಪಟ್ಟಣದ ಸೈನಿಕ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ತರುಣ ವೈದ್ಯನು ಕೆಲಸಮಾಡುತ್ತಿದ್ದನು. ಗಾಯಗಳಿಗೆ ಕ್ರಿಮಿನಾಶಕ ದ್ರವಗಳನ್ನು ಧಾರಾಳವಾಗಿ ಸುರಿಯುತ್ತಿದ್ದರೂ ಸೈನಿಕರು ಕೀವಿನಿಂದಲೇ ಸಾಯುತ್ತಿದ್ದರು. ಕಾರಣವನ್ನರಿಯಲು ಅವನು ಗಾಜಿನ ನಳಿಕೆಯೊಂದನ್ನು ಕಾಯಿಸಿ, ಅದರ ಪಕ್ಕಗಳಿಂದ ಮುಳ್ಳುಗಳಂತೆ ಟೊಳ್ಳು ಕೊಂಬುಗಳನ್ನು ಎಳೆದು, ಸಿಡಿಗುಂಡಿನ ಗಾಯಕ್ಕೆ ಒಂದು ಪ್ರತಿಕೃತಿಯನ್ನು ಮಾಡಿದನು. ಅದರಲ್ಲಿ ರೋಗಾಣುಗಳಿದ್ದ ದ್ರವವನ್ನು ತುಂಬಿ ಚೆಲ್ಲಿ, ಕ್ರಿಮಿನಾಶಕವನ್ನು ತುಂಬಿಟ್ಟು ಚೆಲ್ಲಿ, ಮತ್ತೆ ಶುದ್ಧವಾದ ದ್ರವವನ್ನು ತುಂಬಿದರೆ ರೋಗಾಣುಗಳು ಪುನಃ ಹುಟ್ಟುತ್ತಿದ್ದವು. ಕ್ರಿಮಿನಾಶಕವು ಆ ಸಂದುಗಳ ತುದಿಯನ್ನು ತಲುಪುತ್ತಿರಲಿಲ್ಲ. ಅಷ್ಟೇ ಅಲ್ಲ, ರೋಗಾಣುಗಳೊಡನೆ ಹೋರಾಡುವ ರಕ್ತದ ಬಿಳಿಯ ಕಣಗಳನ್ನೇ ಅದು ಮೊದಲು ಕೊಲ್ಲುತ್ತಿದ್ದಿತು. ಶರೀರಕ್ಕೆ ಕೇಡಾಗದೆ ರೋಗಾಣುವನ್ನು ಮಾತ್ರ ಕೊಲ್ಲುವ ವಸ್ತುವಿನ ಆವಶ್ಯಕತೆಯು ಅವನಿಗೆ ಅಂದೇ ಮನಸ್ಸಿಗೆ ನಾಟಿತು.

ಮುಂದಿನ ಕಥೆಯನ್ನು ಶಾಲೆಯ ಬಾಲಕರೂ ಬಲ್ಲರು. ೧೯೨೮ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ, ಸ್ಟ್ಯಾಫಿಲೊಕಾಕಸ್ಸನ್ನು ಬೆಳೆಸಿದ್ದ ಗಾಜಿನ ತಟ್ಟೆಯೊಂದಕ್ಕೆ ಬೂಷ್ಟು ಹಿಡಿದು, ಅದರ ಸುತ್ತಲಿನ ರೋಗಾಣುಗಳು ಕರಗಿಹೋದುದನ್ನು ಫ್ಲೆಮಿಂಗನು ಕಂಡನು. ಬೂಷ್ಟಿನ ಸಾರಕ್ಕೆ ಪೆನಿಸಿಲಿನ್ ಎಂದು ಹೆಸರಾಯಿತು. ಅದನ್ನು ಶುದ್ಧಗೊಳಿಸಿ ಔಷಧವಾಗಿಸುವ ಕಾರ್ಯವು ಹತ್ತು ವರ್ಷಗಳಿಗೂ ಮಿಕ್ಕು ಹಾಗೆಯೇ ಉಳಿದು, ಆಕ್ಸ್‌ಫರ್ಡಿನ ಹೋವರ್ಡ್ ಫ್ಲೋರಿ, ಅರ್ನ್‌ಸ್ಟ್ ಚೇನ್, ನಾರ್ಮನ್ ಹೀಟ್ಲಿ ಮೊದಲಾದವರ ಪಾಲಿಗೆ ಬಂದಿತು. ೧೯೪೦ರ ಮೇ ೨೫ರಂದು ಅವರು ಎಂಟು ಇಲಿಗಳಿಗೆ ಮಾರಕ ರೋಗಾಣುಗಳನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಔಷಧವಿಲ್ಲದ ನಾಲ್ಕೂ ಸತ್ತಿದ್ದವು. ಔಷಧ ಪಡೆದ ನಾಲ್ಕೂ ಬದುಕಿದ್ದವು.

ಇಲ್ಲಿ ವಾಚಕ ಮಹಾಶಯರು ಒಂದು ತಾರೀಖನ್ನು ಗಮನಿಸಬೇಕು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಚೇನನೂ ಅವನ ಜೊತೆಗಾರ ಎಡ್ವರ್ಡ್ ಅಬ್ರಹಾಮನೂ ‘ನೇಚರ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಪತ್ರವನ್ನು ಪ್ರಕಟಿಸಿದರು. ಕರುಳಿನಲ್ಲಿ ವಾಸಿಸುವ ಒಂದು ಜಾತಿಯ ಸೂಕ್ಷ್ಮಜೀವಿಯಲ್ಲಿ ಪೆನಿಸಿಲಿನ್ನನ್ನು ನಾಶಮಾಡತಕ್ಕ ಒಂದು ಕಿಣ್ವವಿದೆಯೆಂದು ಅದರಲ್ಲಿ ತಿಳಿಸಿ, ಆ ಕಿಣ್ವಕ್ಕೆ ‘ಪೆನಿಸಿಲಿನೇಸ್’ ಎಂದು ಹೆಸರಿಟ್ಟಿದ್ದರು. ಆ ಹೊತ್ತಿಗೆ ಆಕ್ಸ್‌ಫರ್ಡಿನವರ ಪೆನಿಸಿಲಿನ್ ಒಬ್ಬ ರೋಗಿಯನ್ನೂ ಮುಟ್ಟಿರಲಿಲ್ಲ. ಔಷಧದ ನಾಮಕರಣವು ಮುಗಿದು ಉಪನಯನಕ್ಕೆ ಮೊದಲೇ ಅದರ ಶತ್ರುವಿನ ಹೆಸರೂ ಪತ್ರಿಕೆಯಲ್ಲಿ ಅಚ್ಚಾಗಿದ್ದಿತು.

೧೯೪೧ರ ಫೆಬ್ರವರಿ ೧೨ರಂದು ಗುಣಪಡಿಸುವ ಉದ್ದೇಶದಿಂದ ಆಕ್ಸ್‌ಫರ್ಡಿನವರ ಪೆನಿಸಿಲಿನ್ನನ್ನು ಮೊದಲು ಪಡೆದ ರೋಗಿಯು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನು. ಅವನ ಮುಖಕ್ಕೆ ಗುಲಾಬಿಯ ಮುಳ್ಳು ಗೀಚಿದ್ದೆಂದು ಬಹುಕಾಲ ಹೇಳುತ್ತ ಬಂದರು. ಯುದ್ಧಕಾಲದ ಬಾಂಬುದಾಳಿಯಲ್ಲಿ ಆದ ಗಾಯವೆಂದು ಈಚೆಗೆ ಹೇಳುವರು. ಅಂತೂ ಸಣ್ಣ ಗಾಯವೊಂದು ಕೀವಾಗಿ, ಒಂದು ಕಣ್ಣನ್ನು ತೆಗೆದುಹಾಕಬೇಕಾಗಿ, ಅವನು ಸಾವಿನಂಚನ್ನು ಸೇರಿದ್ದನು. ಪೆನಿಸಿಲಿನ್ ಚುಚ್ಚಿದ ಕೆಲವು ದಿನಗಳಲ್ಲಿ ಜ್ವರವಿಳಿದು ಊಟ ರುಚಿಸಿತು. ಆದರೆ ಲೋಕದಲ್ಲಿದ್ದ ಪೆನಿಸಿಲಿನ್ನೇ ಅತ್ಯಲ್ಪ. ಅವನ ಮೂತ್ರದಿಂದ ಔಷಧವನ್ನು ಮರಳಿ ಸೋಸಿ ತೆಗೆದು ಕೊಟ್ಟರೂ ಸಾಲದೆ ಹೋಯಿತು. ಮಾರ್ಚ್ ೧೫ರಂದು ಅವನು ತೀರಿಕೊಂಡನು. ಹನಿಹನಿಯನ್ನೂ ಮೂತ್ರದಿಂದ ಸೋಸಿಕೊಂಡ ಆ ದಿನಗಳನ್ನೂ, ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿ ಮರೆತಿಟ್ಟ ನನ್ನನ್ನೂ ಒಟ್ಟಿಗೆ ನೆನೆದಾಗ ನಾಚಿಕೆಯಾಗುತ್ತದೆ.

ಯುದ್ಧದ ಒತ್ತಾಯದಿಂದ ಅಮೆರಿಕ ದೇಶದಲ್ಲಿ ಪೆನಿಸಿಲಿನ್ ರಾಶಿರಾಶಿಯಾಗಿ ತಯಾರಾಗತೊಡಗಿ, ೧೯೪೪ರ ನಾರ್ಮಂಡಿಯ ಕಾಳಗದ ಹೊತ್ತಿಗೆ ಗಾಯಾಳುಗಳಿಗೆಲ್ಲ ದೊರಕುವಂತಾಯಿತು. ಅದೇ ವರ್ಷ ವಿಲಿಯಮ್ ಕರ್ಬಿ ಎಂಬವನು ಗಾಯದ ರೋಗಾಣುವಾದ ಸ್ಟ್ಯಾಫಿಲೊಕಾಕಸ್ಸಿನಲ್ಲಿಯೂ ಪೆನಿಸಿಲಿನ್ನನ್ನು ಕೆಡಿಸುವ ವಸ್ತುವಿದ್ದುದನ್ನು ತೋರಿಸಿದನು. ೧೯೪೫ರ ಡಿಸೆಂಬರ್ ೧೧ರಂದು ಸ್ಟಾಕ್‌ಹೋಮಿನಲ್ಲಿ ನೊಬೆಲ್ ಉಪನ್ಯಾಸವನ್ನು ಮಾಡುತ್ತ ಫ್ಲೆಮಿಂಗನು ಒಂದು ಕಲ್ಪಿತ ಕಥೆಯನ್ನು ಹೇಳಿದನು. ಗಂಟಲು ನೋಯುತ್ತಿರುವ ಗೃಹಸ್ಥನೊಬ್ಬನು ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟನ್ನು ಸೇವಿಸುತ್ತಾನೆ. ಅವನಲ್ಲಿ ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗಿ ಅವನ ಹೆಂಡತಿಗೆ ಅಂಟುತ್ತವೆ. ಆಕೆಗೆ ಪೆನಿಸಿಲಿನ್ ಕೊಟ್ಟರೂ ಫಲಿಸದೆ ಆಕೆ ಮರಣಹೊಂದುತ್ತಾಳೆ. ಈ ಮರಣಕ್ಕೆ ಹೊಣೆ ಯಾರೆಂದು ಅವನು ಸಭಿಕರನ್ನು ಕೇಳಿ, ರೋಗಾಣುವಿನ ಗುಣವನ್ನು ತನ್ನ ಅಜಾಗರೂಕತೆಯಿಂದ ಬದಲಾಯಿಸಿದ ಆ ಗಂಡನೇ ಎಂದು ತಾನೇ ಉತ್ತರಕೊಟ್ಟನು. ಸನ್ಮಾನದ ವೇದಿಕೆಯಲ್ಲಿ ನಿಂತು ತನ್ನ ಔಷಧದ ಸೋಲನ್ನು ತಾನೇ ಮುಂಗಂಡು ಹೇಳುವುದು ಸಾಮಾನ್ಯವಾದ ಮನಃಸ್ಥೈರ್ಯವಲ್ಲ.

ಫ್ಲೆಮಿಂಗನು ಆ ಪ್ರಸಂಗದಲ್ಲಿ, ಅಲ್ಪ ಪ್ರಮಾಣದ ಔಷಧವು ರೋಗಾಣುಗಳಿಗೆ ಪ್ರತಿಭಟಿಸುವ ಶಿಕ್ಷಣವನ್ನು ಕೊಡುವುದೆಂಬ ಅರ್ಥದ ಮಾತನ್ನಾಡಿದನು. ಉಪಾಧ್ಯಾಯನಾದ ನನಗೆ ಈ ಉಪಮೆಯು ಹಿಡಿಸಿದ್ದರೂ, ಮುಂದಿನ ಸಂಶೋಧನೆಗಳು ಅದನ್ನು ತಿದ್ದಿದವು. ೧೯೫೨ರಲ್ಲಿ ಲೆಡರ್‌ಬರ್ಗ್ ದಂಪತಿಗಳು ಒಂದು ಮಕಮಲ್ಲಿನ ತುಂಡನ್ನು ಸೂಕ್ಷ್ಮಜೀವಿಗಳು ಬೆಳೆದ ತಟ್ಟೆಯ ಮೇಲೆ ಒತ್ತಿ, ಮುದ್ರೆಯೊತ್ತುವಂತೆ ಔಷಧವಿದ್ದ ಬೇರೆಬೇರೆ ತಟ್ಟೆಗಳ ಮೇಲೆ ಒತ್ತಿದರು. ಎಲ್ಲ ತಟ್ಟೆಗಳಲ್ಲಿಯೂ ಅದೇ ಅದೇ ಸ್ಥಾನದಲ್ಲಿ ಸೂಕ್ಷ್ಮಜೀವಿಗಳು ಬದುಕಿ ಉಳಿದವು. ಔಷಧವನ್ನು ಕಾಣುವ ಮೊದಲೇ ಮೂಲದ ತಟ್ಟೆಯಲ್ಲಿ ಬಗ್ಗದವು ಕೆಲವು ಇದ್ದುವೆಂದು ಇದರಿಂದ ಸಿದ್ಧವಾಯಿತು. ಆದುದರಿಂದ ಔಷಧವು ಪಾಠ ಹೇಳುವ ಗುರುವಲ್ಲ, ಪರೀಕ್ಷಕ. ಕೋಟ್ಯಂತರ ರೋಗಾಣುಗಳಲ್ಲಿ ಆಕಸ್ಮಿಕವಾಗಿ ಬೇರೆಯಾಗಿ ಹುಟ್ಟಿದ ಒಂದೆರಡು ಉತ್ತೀರ್ಣವಾಗುವುವು; ಉಳಿದವು ಸಾಯುವುವು; ತೆರವಾದ ಮನೆಯೆಲ್ಲವೂ ಉತ್ತೀರ್ಣವಾದವುಗಳ ಸಂತಾನಕ್ಕೆ ಸೇರುವುದು. ಪರೀಕ್ಷೆಗಳನ್ನು ಅನಾವಶ್ಯಕವಾಗಿ ಹೆಚ್ಚಿಸಿದಷ್ಟೂ ಉತ್ತೀರ್ಣರ ಸಂಖ್ಯೆಯು ಬೆಳೆಯುವುದು. ಇದಕ್ಕಿಂತಲೂ ವಿಸ್ಮಯಕರವಾದುದೊಂದು ೧೯೫೯ರ ಸುಮಾರಿಗೆ ಜಪಾನಿನಲ್ಲಿ ಕಂಡುಬಂದಿತು. ಅಲ್ಲಿ ರಕ್ತಭೇದಿಯ ರೋಗಾಣುಗಳನ್ನು ಪರೀಕ್ಷಿಸುತ್ತಿದ್ದ ವಿದ್ವಾಂಸರು, ಒಂದು ಜಾತಿಯ ರೋಗಾಣುವು ಈ ಗುಣವನ್ನು ಮತ್ತೊಂದು ಜಾತಿಗೆ ಕೈದಾಟಿಸಬಲ್ಲುದೆಂದು ತೋರಿಸಿದರು.

ಇನ್ನು ಆಸ್ಪತ್ರೆಗಳ ಸಂಗತಿ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಎಂಬ ಮಹಿಳೆಯು ರೋಗಾಣುತಜ್ಞೆಯಾಗಿದ್ದಳು. ರೋಗಿಗಳ ಗಾಯ ಮುಂತಾದವುಗಳಿಂದ ತೆಗೆದ ಸ್ಟ್ಯಾಫಿಲೊಕಾಕಸ್ಸುಗಳನ್ನು ಆಕೆಯು ವರ್ಷವರ್ಷವೂ ಎಣಿಸಿ ನೋಡಿದಳು. ೧೯೪೬ರಲ್ಲಿ ಪೆನಿಸಿಲಿನ್ನಿಗೆ ಬಗ್ಗದವು ಏಳೆಂಟರಲ್ಲಿ ಒಂದಿದ್ದವು. ೧೯೪೮ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚಾಗಿದ್ದವು. ಎರಡೇ ವರ್ಷ! ಪ್ರತಿಯೊಬ್ಬ ರೋಗಿಯ ಶರೀರದಲ್ಲಿಯೂ ರೋಗಾಣುವು ಹೊಸದಾಗಿ ಬದಲಾಗುತ್ತಿರಲಿಲ್ಲ. ಬದಲಾದ ರೋಗಾಣುವೇ ಒಬ್ಬರಿಂದೊಬ್ಬರಿಗೆ ಹರಡುತ್ತಿದ್ದಿತೆಂಬುದು ಆಕೆಯ ಮುಖ್ಯವಾದ ನಿರ್ಣಯ. ಗುಣಪಡಿಸುವ ಮನೆಯೇ ರೋಗಾಣುವಿನ ಸಂತೆಯಾಗಿದ್ದಿತು. ೧೯೫೦ರ ದಶಕದಲ್ಲಿ ಇಂಥದೇ ಒಂದು ತಳಿಯು ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ ಮೊದಲಾದ ದೇಶಗಳ ಆಸ್ಪತ್ರೆಗಳಲ್ಲಿ ಹಬ್ಬಿ ಹಸುಗೂಸುಗಳನ್ನೂ ಬಾಣಂತಿಯರನ್ನೂ ಬಾಧಿಸಿತು.

ಪೆನಿಸಿಲಿನೇಸ್ ಕಿಣ್ವಕ್ಕೆ ಜಗ್ಗದಂತೆ ರಚಿಸಿದ ಮೆಥಿಸಿಲಿನ್ ಎಂಬ ಹೊಸ ಔಷಧವು ಬ್ರಿಟನ್ನಿನಲ್ಲಿ ೧೯೬೦ರ ಸುಮಾರಿಗೆ ಬಳಕೆಗೆ ಬಂದಿತು. ಇನ್ನು ಚಿಂತೆಯಿಲ್ಲವೆಂದು ಅನೇಕರು ಭಾವಿಸಿದರು. ೧೯೬೧ರ ಜನವರಿಯಲ್ಲಿಯೇ ಪೆಟ್ರೀಷಿಯಾ ಜೆವನ್ಸ್ ಎಂಬ ತಜ್ಞೆಯು, ಪರೀಕ್ಷಿಸಿದ ಐದು ಸಾವಿರಕ್ಕೂ ಮಿಕ್ಕ ತಳಿಗಳಲ್ಲಿ ಮೂರು ಮೆಥಿಸಿಲಿನ್ನಿಗೆ ಬಗ್ಗಲಿಲ್ಲವೆಂದು ಪ್ರಕಟಿಸಿದಳು. ಐದು ಸಾವಿರದಲ್ಲಿ ಮೂರು ಎಂಬುದನ್ನು ಲೋಕವು ಅಲ್ಪವೆಂದೆಣಿಸಿತು. ಇಂದು ಆಸ್ಪತ್ರೆಗಳು ಹೆದರುವ ‘ಎಂ.ಆರ್.ಎಸ್.ಎ.’ ಎಂಬುದು ಈ ಬಗೆಯ ರೋಗಾಣುವೇ. ಅದಕ್ಕೂ ಮದ್ದಾಗಿದ್ದ ವ್ಯಾಂಕೊಮೈಸಿನ್ ಔಷಧವನ್ನು ಪೂರ್ಣವಾಗಿ ಪ್ರತಿಭಟಿಸುವ ಸ್ಟ್ಯಾಫಿಲೊಕಾಕಸ್ಸು ೨೦೦೨ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಮೊದಲು ಕಂಡುಬಂದಿತು. ಆ ರೋಗಿಗೆ ಮಧುಮೇಹವಿದ್ದಿತು. ಕಾಲಿನಲ್ಲಿ ವಾಸಿಯಾಗದ ಹುಣ್ಣಿದ್ದಿತು. ಬೇರೊಂದು ಜಾತಿಯ ರೋಗಾಣುವಿನಿಂದ ಸ್ಟ್ಯಾಫಿಲೊಕಾಕಸ್ಸು ಈ ವಿದ್ಯೆಯನ್ನು ಎರವಲು ಪಡೆದಿದ್ದಿತು. ಇದನ್ನೋದಿದ ರಾತ್ರಿ ನಾನು ನನ್ನ ಕಾಲಿನ ಕಟ್ಟನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆನು.

ಹಾಗಾದರೆ ಮನುಷ್ಯನೇ ಈ ಗುಣವನ್ನು ಸೃಷ್ಟಿಸಿದನೆ? ಇಲ್ಲ. ಉತ್ತರದ ಶೀತಪ್ರದೇಶದಲ್ಲಿ ಮೂವತ್ತು ಸಾವಿರ ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿ ಔಷಧಗಳನ್ನು ಪ್ರತಿಭಟಿಸುವ ಬೀಜಾಂಶಗಳಿದ್ದುವೆಂದು ೨೦೧೧ರಲ್ಲಿ ಪ್ರಕಟವಾಯಿತು. ಯೂರೋಪಿನಲ್ಲಿ ಹೆಡ್ಜ್‌ಹಾಗ್ ಎಂಬ, ಮೈಮೇಲೆ ಮುಳ್ಳುಳ್ಳ ಒಂದು ಸಣ್ಣ ಪ್ರಾಣಿಯುಂಟು. ಅದರ ಚರ್ಮದ ಮೇಲೆ ಬೆಳೆಯುವ ಒಂದು ಬೂಷ್ಟು ಪೆನಿಸಿಲಿನ್ ಜಾತಿಯ ವಸ್ತುವನ್ನು ಸ್ರವಿಸುವುದರಿಂದ, ಮೆಥಿಸಿಲಿನ್ನನ್ನು ಪ್ರತಿಭಟಿಸುವ ಒಂದು ಬಗೆಯ ಸ್ಟ್ಯಾಫಿಲೊಕಾಕಸ್ಸು ಆ ಔಷಧವು ಹುಟ್ಟುವುದಕ್ಕೆ ನೂರು ವರ್ಷಗಳಿಗೂ ಹಿಂದೆಯೇ ಅಲ್ಲಿ ನೆಲೆಸಿದ್ದಿತೆಂದು ೨೦೨೨ರಲ್ಲಿ ವಿದ್ವಾಂಸರು ತೋರಿಸಿದರು. ಬೂಷ್ಟಿಗೂ ರೋಗಾಣುವಿಗೂ ಇರುವ ವೈರವು ಮನುಷ್ಯನಿಗಿಂತ ಹಳೆಯದು. ನಾವು ಆ ಹಳೆಯ ಯುದ್ಧದಿಂದ ಒಂದು ಶಸ್ತ್ರವನ್ನು ಎತ್ತಿಕೊಂಡೆವು. ಗುರಾಣಿಯೂ ಅಲ್ಲಿಯೇ ಇದ್ದುದನ್ನು ಕಂಡರೂ ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಇದರ ಬೆಲೆಯು ಸಣ್ಣದಲ್ಲ. ೨೦೧೯ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳಿಂದಲೇ ನೇರವಾಗಿ ಸುಮಾರು ೧೨ ಲಕ್ಷ ೭೦ ಸಾವಿರ ಜನರು ಲೋಕದಲ್ಲಿ ಮಡಿದರೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಂದಾಜು ಪ್ರಕಟವಾಗಿದೆ.

ಇಷ್ಟನ್ನು ಓದಿ ವಾಚಕರು ನಿರಾಶರಾಗಬೇಕಾಗಿಲ್ಲ. ಕೇಡನ್ನು ಮೊದಲು ಎಣಿಸಿ ತೋರಿಸಿದ ಮೇರಿ ಬಾರ್ಬರಳೇ ಪರಿಹಾರವನ್ನೂ ಎಣಿಸಿ ತೋರಿಸಿದಳು. ೧೯೫೦ರ ದಶಕದ ಕೊನೆಯಲ್ಲಿ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಪೆನಿಸಿಲಿನ್ನಿನ ಬಳಕೆಯನ್ನು ಬಿಗಿಮಾಡಿ, ಇತರ ಔಷಧಗಳನ್ನು ಒಂದೊಂದಾಗಿ ಕೊಡದೆ ಜೋಡಿಯಾಗಿ ಕೊಟ್ಟು, ಸೋಂಕು ಹರಡದಂತೆ ಎಚ್ಚರವಹಿಸಿದರು. ಬಗ್ಗದ ರೋಗಾಣುಗಳ ಪ್ರಮಾಣವು ಇಳಿಯಿತು. ೧೯೬೦ರಲ್ಲಿ ಆಕೆಯೂ ಆಕೆಯ ಸಹೋದ್ಯೋಗಿಗಳೂ ಇದನ್ನು ಪ್ರಕಟಿಸಿದರು. ಯಾವ ಹೊಸ ಔಷಧವೂ ಮಾಡದ ಕಾರ್ಯವನ್ನು ಮಿತವ್ಯಯವೂ ಶುಚಿತ್ವವೂ ಮಾಡಿದ್ದವು. ೧೯೬೫ರಲ್ಲಿ ರಸ್ತೆಯ ಅಪಘಾತವೊಂದರಲ್ಲಿ ಆಕೆಯು ತೀರಿಕೊಂಡಳು. ಫ್ಲೆಮಿಂಗನ ಹೆಸರನ್ನು ಅರಿತ ನಮ್ಮ ಮನೆಗಳಲ್ಲಿ ಈಕೆಯ ಹೆಸರೂ ತಿಳಿದಿರಬೇಕೆಂಬುದು ನನ್ನ ಬಯಕೆ.

ನಮ್ಮ ಸರಕಾರವು ೨೦೧೪ರ ಮಾರ್ಚಿಯಿಂದ ಹಲವು ಪ್ರಬಲ ಪ್ರತಿಜೈವಿಕಗಳನ್ನು ‘ಎಚ್-೧’ ಎಂಬ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದೂ, ಮಾರಿದುದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕೆಂದೂ ವಿಧಿಸಿತು. ಆದರೆ ಕಾನೂನು ಅಂಗಡಿಯ ಬಾಗಿಲವರೆಗೆ ಬರಬಹುದು, ಮನೆಯ ಡಬ್ಬಿಯೊಳಗೆ ಇಣುಕಲಾರದು. ಅಲ್ಲಿ ವಿವೇಕವೇ ಕಾವಲಿರಬೇಕು. ನೆಗಡಿಗೂ ಸಾಮಾನ್ಯ ಜ್ವರಕ್ಕೂ ಈ ಔಷಧಗಳಿಂದ ಪ್ರಯೋಜನವಿಲ್ಲ. ವೈದ್ಯರು ಬೇಡವೆಂದರೆ ಒತ್ತಾಯಪಡಿಸಬಾರದು. ಕೊಟ್ಟಾಗ ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಸೇವಿಸಬೇಕು. ಎಷ್ಟು ದಿನವೆಂಬುದು ರೋಗಕ್ಕೆ ತಕ್ಕಂತೆ ಬೇರೆಬೇರೆಯಾಗುವುದು, ಕೆಲವು ರೋಗಗಳಿಗೆ ಹಿಂದಿಗಿಂತ ಕಡಿಮೆ ದಿನಗಳೇ ಸಾಕೆಂದು ಈಚೆಗೆ ಕಂಡುಬಂದಿದೆ. ಆದರೆ ಆ ನಿರ್ಣಯವು ವೈದ್ಯರದು, ನಮ್ಮದಲ್ಲ. ಒಬ್ಬರ ಮಾತ್ರೆಯನ್ನು ಮತ್ತೊಬ್ಬರಿಗೆ ಕೊಡಬಾರದು. ಗಾಯವನ್ನು ಮುಟ್ಟುವ ಮುನ್ನವೂ ಮುಟ್ಟಿದ ಮೇಲೂ ಸಾಬೂನಿನಿಂದ ಕೈತೊಳೆಯಬೇಕು. ಉಗುರು ಕತ್ತರಿಸಿಕೊಂಡು ಶುಚಿಯಾಗಿರೆಂದು ಸುಶ್ರುತನು ಹೇಳಿದುದೂ, ಸೋಂಕು ಕೈಯಿಂದ ಕೈಗೆ ದಾಟದಂತೆ ನೋಡಿಕೊಳ್ಳಿರೆಂದು ಇಂದಿನ ಆಸ್ಪತ್ರೆಗಳು ಹೇಳುವುದೂ ಕಾರಣದಲ್ಲಿ ಬೇರೆಯಾದರೂ ಆಚರಣೆಯಲ್ಲಿ ದೂರವಲ್ಲ.

ಗುಣಮುಖನಾಗಿ ಮನೆಗೆ ಬಂದ ದಿನ ಆ ಹಳೆಯ ಚೀಟಿಯನ್ನು ಹರಿದುಹಾಕಿ, ಡಬ್ಬಿಯ ಮಾತ್ರೆಗಳನ್ನು ವೈದ್ಯರಿಗೆ ಒಪ್ಪಿಸಿಬಿಟ್ಟೆನು. ಪ್ರಯೋಗಶಾಲೆಯ ಕಾಗದವನ್ನು ಮಾತ್ರ ನನ್ನ ಸುಶ್ರುತಸಂಹಿತೆಯಲ್ಲಿ ವ್ರಣದ ಪ್ರಕರಣದ ನಡುವೆ ಇಟ್ಟುಕೊಂಡಿದ್ದೇನೆ. ಹತ್ತು ‘ಆರ್’ಗಳ ಜೊತೆಗೆ ಅದರಲ್ಲಿ ನಾಲ್ಕು ‘ಎಸ್’ಗಳೂ ಇವೆ. ನನ್ನ ಕಾಲು ಉಳಿದುದು ಆ ನಾಲ್ಕರಿಂದ. ಮೊಮ್ಮಗನು ನನ್ನ ವಯಸ್ಸಿಗೆ ಬಂದು, ಅವನ ಕಾಲಿಗೊಂದು ಮುಳ್ಳು ನೆಟ್ಟಾಗ, ಅವನ ಕಾಗದದಲ್ಲಿಯೂ ಅವು ಉಳಿದಿರಬೇಕು.